ನೂರು ರೂಪಾಯಿ ಬಾಂಡಿನ ಮೇಲೆ ನಿಂತ ಮನೆ

ನಮ್ಮ ಮಾಮಾನ ಮನೆಯ ಟ್ರಂಕಿನಲ್ಲಿ ನೂರು ರೂಪಾಯಿಯ ಒಂದು ಬಾಂಡ್ ಪೇಪರ್ ಇದೆ. ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ. ಬೆಳಗಾವಿಯ ವಡಗಾವಿ ಆಚೆ, ಮೊದಲು ಭತ್ತ ಬೆಳೆಯುತ್ತಿದ್ದ ಹೊಲದಲ್ಲಿ ಒಂದು ಗುಂಟೆಗಿಂತ ಚೂರು ಜಾಸ್ತಿ ಜಾಗ ತಗೊಂಡಿದ್ದಕ್ಕೆ ಅವರ ಹತ್ತಿರ ಇರುವುದು ಅದೊಂದೇ ಕಾಗದ. ಕೆಳಗೆ ಎರಡು ಮಗ್ಗ, ಹಿಂದೆ ಅಡುಗೆಮನೆ, ಮೇಲೆ ಒಂದು ಕೋಣೆ. ಕರೆಂಟ್ ಇದೆ, ನಳ ಇದೆ, ಓಟರ್ ಕಾರ್ಡಿನಲ್ಲಿ ಇದೇ ವಿಳಾಸ ಇದೆ. ಇಲ್ಲದಿರುವುದು ಒಂದೇ, ಉತಾರದಲ್ಲಿ, ಅಂದರೆ ಜಾಗದ ಸರ್ಕಾರಿ ದಾಖಲೆಯಲ್ಲಿ, ಮಾಮಾನ ಹೆಸರು.

ಮಗನ ಮದುವೆ ಗೊತ್ತಾದ ಮೇಲೆ ಮೇಲಿನ ಕೋಣೆ ದೊಡ್ಡದು ಮಾಡೋಣ ಅಂತ ಒಂದು ಬ್ಯಾಂಕಿಗೆ ಹೋದರು. ಮ್ಯಾನೇಜರ್ ಲ್ಯಾಮಿನೇಷನ್ ನೋಡಿದವರೇ ನಕ್ಕರಂತೆ. ಸಾಲ ಸಿಗಲಿಲ್ಲ. ಕೊನೆಗೆ ಸೊಸೈಟಿಯೊಂದರಲ್ಲಿ ಜಾಸ್ತಿ ಬಡ್ಡಿಗೆ ಎತ್ತಿದರು. 'ಜಾಗ ತಗೊಳ್ಳುವಾಗ ಯಾರನ್ನೂ ಕೇಳಲಿಲ್ವಾ ಮಾಮಾ?' ಅಂದೆ. 'ಓಣ್ಯಾಗ ಎಲ್ಲಾರೂ ಹಿಂಗ ತಗೊಂಡಾರಪಾ, ನಾ ಒಬ್ಬನ ಶಾಣ್ಯಾ ಆಗಿ ಏನ ಮಾಡ್ಲಿ?' ಅಂದರು.

ಆ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭ. ಆದರೆ ಒಂದು ಇಡೀ ಓಣಿ, ಅದರ ಪಕ್ಕದ ಓಣಿ, ಅದರಾಚೆಯ ಓಣಿ ಹೀಗೆಯೇ ಎದ್ದಿದ್ದರೆ ಅದನ್ನು ಬರೀ ಜನರ ದಡ್ಡತನ ಅಂತ ಬಿಡೋಕೆ ಆಗುವುದಿಲ್ಲ. ಕಾನೂನು ಒಂದು ಕಡೆ ಬಾಗಿಲು ಹಾಕಿದಾಗ ಇನ್ನೊಂದು ಕಡೆ ಕಿಂಡಿ ಬಿಟ್ಟಿರುತ್ತದೆ. ಊರು ಬೆಳೆಯುವುದು ಆ ಕಿಂಡಿಯಲ್ಲಿ.

ಮೊದಲು ಆ ನೂರು ರೂಪಾಯಿಯ ವಿಷಯ. ನಮ್ಮ ಜನಕ್ಕೆ ಬಾಂಡ್ ಪೇಪರ್ ಅಂದರೆ ಸರ್ಕಾರದ ಮುದ್ರೆ ಇರುವ ಕಾಗದ, ಅಂದಮೇಲೆ ಗಟ್ಟಿ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಬೇರೆಯೇ ಹೇಳುತ್ತದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಆಸ್ತಿಯನ್ನು ನೋಂದಣಿಯಾದ ಪತ್ರದಿಂದ ಮಾತ್ರ ಮಾರಬಹುದು. 1882ರ ನೂರು ರೂಪಾಯಿ! ಆ ಮಿತಿಯನ್ನು ಯಾರೂ ಬದಲಾಯಿಸಲಿಲ್ಲ. ಹಾಗಾಗಿ ಇವತ್ತು ಇಡೀ ರಾಜ್ಯದಲ್ಲಿ ನೋಂದಣಿ ಇಲ್ಲದೆ ಮಾರಬಹುದಾದ ಜಾಗ ಅಂತ ಒಂದು ಅಂಗೈ ಅಗಲವೂ ಉಳಿದಿಲ್ಲ. ಬಾಂಡ್ ಪೇಪರಿನ ಮೇಲೆ ಬರೆದದ್ದು ಹೆಚ್ಚೆಂದರೆ ಮುಂದೆ ಮಾರುತ್ತೇನೆ ಅನ್ನುವ ಮಾತು. ಜಿಪಿಎ (ಅಧಿಕಾರ ಪತ್ರ) ಮೂಲಕ ಮಾಡಿದ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಖಡಕ್ಕಾಗಿ ಹೇಳಿದೆ. ಹಣ ಕೊಟ್ಟು ಕಬ್ಜಾ ತಗೊಂಡವನಿಗೆ ಮೊದಲು ಒಂದು ಸಣ್ಣ ರಕ್ಷಣೆ ಇತ್ತು. ಕರಾರಿನಂತೆ ಜಾಗದಲ್ಲಿ ಇದ್ದೇನೆ, ನನ್ನನ್ನು ಎಬ್ಬಿಸಬೇಡಿ ಅನ್ನಬಹುದಿತ್ತು. 2001ರ ತಿದ್ದುಪಡಿಯ ನಂತರ ಅದಕ್ಕೂ ಕರಾರು ನೋಂದಣಿ ಆಗಿರಬೇಕು.

ಇನ್ನು ಮಾರಿದ ರೈತನ ಕಡೆ ನೋಡಿ. ಪಹಣಿಯಲ್ಲಿ ಅವನ ಹೆಸರೇ ಇದೆ. ಅವನು ತೀರಿಕೊಂಡರೆ ಮಕ್ಕಳ ಹೆಸರು ಏರುತ್ತದೆ. ಮಕ್ಕಳಿಗೆ ಅಪ್ಪ ಯಾರಿಗೆ ಏನು ಬರೆದುಕೊಟ್ಟ ಅನ್ನೋದು ಗೊತ್ತಿರಬೇಕು ಅಂತೇನೂ ಇಲ್ಲ. ಗೊತ್ತಿದ್ದರೂ, ಈಗಿನ ರೇಟು ಕೇಳಿದ ಮೇಲೆ ಮರೆತುಹೋಗುವ ಸಾಧ್ಯತೆ ಜಾಸ್ತಿ.

ಹಾಗಾದರೆ ಇಷ್ಟು ಸೋರುವ ಕಾಗದಕ್ಕೆ ಜನ ಯಾಕೆ ದುಡ್ಡು ಕೊಡುತ್ತಾರೆ? ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ಕಾನೂನು ಪ್ರಕಾರ ಲೇಔಟ್ ಮಾಡಬೇಕೆಂದರೆ ಮೊದಲು ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಡಿಸಿ ಆಫೀಸಿನಿಂದ ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಜಾಗ ಅಂತ, ಮಾಡಿಸಬೇಕು. ಆಮೇಲೆ ಬುಡಾದಿಂದ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ನಕ್ಷೆಗೆ ಒಪ್ಪಿಗೆ. ರಸ್ತೆ, ಗಟಾರು, ನೀರಿನ ಪೈಪು, ಕರೆಂಟ್ ಕಂಬ ಎಲ್ಲಾ ಮಾಲೀಕನ ಖರ್ಚು. ಉದ್ಯಾನಕ್ಕೆ ಜಾಗ, ಶಾಲೆ-ಅಂಗನವಾಡಿಯಂಥದ್ದಕ್ಕೆ ಜಾಗ. ಎಲ್ಲಾ ಬಿಟ್ಟ ಮೇಲೆ ಮಾರೋಕೆ ಉಳಿಯುವುದು ಸುಮಾರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ. ಮೂವತ್ತು-ನಲವತ್ತರ ಪ್ಲಾಟ್ ಎಕರೆಗೆ ಇಪ್ಪತ್ತು ಬೀಳುತ್ತವೆ. ಅದೇ ಎಕರೆಯಲ್ಲಿ ಎತ್ತಿನಗಾಡಿ ಹೋಗುವಷ್ಟು ದಾರಿ ಬಿಟ್ಟು ಉಳಿದದ್ದನ್ನೆಲ್ಲ ಸುಣ್ಣ ಹಾಕಿ ಗೆರೆ ಎಳೆದರೆ ಇಪ್ಪತ್ತೊಂಬತ್ತು ಪ್ಲಾಟ್.

ಆ ಒಂಬತ್ತು ಪ್ಲಾಟುಗಳಲ್ಲಿ ಒಂದು ಓಣಿಯ ಗಟಾರು ಇದೆ, ಮಕ್ಕಳು ಆಡುವ ಮೈದಾನ ಇದೆ, ಅಗ್ನಿಶಾಮಕ ಗಾಡಿ ತಿರುಗುವ ತಿರುವು ಇದೆ. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲು ಏಜೆಂಟನಿಗೆ, ಒಂದು ಪಾಲು ರೈತನಿಗೆ, ಒಂದು ಪಾಲು ಕೊಳ್ಳುವವನಿಗೆ ಕಡಿಮೆ ಬೆಲೆಯಾಗಿ ಸಿಗುತ್ತದೆ. ಮೂವರಿಗೂ ಅವತ್ತಿಗೆ ಲಾಭ. ಜುಲೈ ತಿಂಗಳಲ್ಲಿ ಬಳ್ಳಾರಿ ನಾಲಾ ಉಕ್ಕಿ ನೀರು ಹೊಸಿಲು ದಾಟಿದಾಗ ಲೆಕ್ಕ ಉಲ್ಟಾ ಆಗುತ್ತದೆ. ಆಗ ರೈತನೂ ಇರುವುದಿಲ್ಲ, ಏಜೆಂಟನೂ ಇರುವುದಿಲ್ಲ.

ಖರೀದಿ ಪತ್ರದ ಖರ್ಚು ಬೇರೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಯಿತು. ಒಟ್ಟು ಶೇ 7.6ರ ಹತ್ತಿರ. ಹದಿನೈದು ಲಕ್ಷದ ಪ್ಲಾಟಿಗೆ ಒಂದು ಲಕ್ಷ ಹದಿನಾಲ್ಕು ಸಾವಿರ. ಮಗ್ಗದ ಕೂಲಿಯಲ್ಲಿ ಬದುಕುವವನಿಗೆ ಅದು ಅಡಿಪಾಯ ಹಾಕುವ ದುಡ್ಡು. ನಿಯಮ ಬಿಗಿ ಮಾಡುತ್ತಾ ಅದೇ ಹೊತ್ತಿಗೆ ನಿಯಮದೊಳಗೆ ಬರುವ ಟಿಕೆಟ್ ದರವನ್ನೂ ಏರಿಸಿದರೆ ಯಾರು ಒಳಗೆ ಬರುತ್ತಾರೆ ಅಂತ ಸರ್ಕಾರ ಯೋಚಿಸಿದ ಹಾಗೆ ನನಗೆ ಕಾಣುವುದಿಲ್ಲ.

ಬುಡಾ ತಾನೇ ಪ್ಲಾಟ್ ಮಾಡಿ ಕೊಡಬಹುದಲ್ವಾ ಅಂತ ಕೇಳಬಹುದು. 1987ರ ನಗರಾಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇರುವುದೇ ಅದಕ್ಕೆ. ಆದರೆ ಕಣಬರ್ಗಿಯ 61ನೇ ಸ್ಕೀಮು ರೈತರ ತಕರಾರು, ಕೋರ್ಟು ಅಂತ ವರ್ಷಗಟ್ಟಲೆ ಎಳೆಯಿತು. ರೈತರದ್ದೂ ನ್ಯಾಯವಾದ ಸಿಟ್ಟೇ. ತಮ್ಮ ಹೊಲ ಕಡಿಮೆ ಬೆಲೆಗೆ ತಗೊಂಡು ಪ್ಲಾಟ್ ಮಾಡಿ ಮಾರ್ತಾರೆ ಅಂದರೆ ಯಾರಿಗೆ ತಾನೇ ಸಮಾಧಾನ? ಪ್ರಾಧಿಕಾರದ ಪ್ಲಾಟಿಗೆ ಅರ್ಜಿ ಹಾಕಿ ಕೂತವನ ಮಗ ಮದುವೆ ವಯಸ್ಸಿಗೆ ಬಂದರೂ ಪ್ಲಾಟ್ ಬರುವುದಿಲ್ಲ. ಬಾಂಡ್ ಪೇಪರ್ ಪ್ಲಾಟ್ ಸಂಜೆಯೊಳಗೆ ಸಿಗುತ್ತದೆ.

ಈಗ ಬಿ-ಖಾತೆಗೆ, ಅಂದರೆ ಅನಧಿಕೃತ ಆಸ್ತಿಗಳಿಗೆ ಇಡುವ ಬೇರೆ ಖಾತೆಗೆ ಬರೋಣ. 2024ರ ಅಕ್ಟೋಬರಿನಿಂದ ಇ-ಖಾತೆ (ಆಸ್ತಿಯ ಆನ್‌ಲೈನ್ ಖಾತೆ) ಇಲ್ಲದೆ ಊರೊಳಗಿನ ಆಸ್ತಿ ನೋಂದಣಿ ಆಗುವುದಿಲ್ಲ ಅಂತಾಯಿತು. ಅದರ ಬೆನ್ನಿಗೇ ಕಾಯ್ದೆ ತಿದ್ದಿ, ಬೆಂಗಳೂರಿನ ಆಚೆಯ ಪಾಲಿಕೆ, ನಗರಸಭೆ, ಪುರಸಭೆಗಳಲ್ಲೂ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ಕೊಡಲು ದಾರಿ ಮಾಡಿದರು. 2025ರ ಫೆಬ್ರವರಿಯಲ್ಲಿ ಮೂರು ತಿಂಗಳ ಅಭಿಯಾನ ಶುರುವಾಯಿತು. ಮೊದಲ ಸಲ ಎರಡು ಪಟ್ಟು ತೆರಿಗೆ, ಮರುವರ್ಷದಿಂದ ಎಲ್ಲರ ಹಾಗೆ. ಪಾಲಿಕೆ ಕಚೇರಿಗಳ ಮುಂದೆ ಪಾಳಿ ಹಚ್ಚಿದವರ ಮುಖದಲ್ಲಿ ಇನ್ನೇನು ಎಲ್ಲಾ ಸರಿಹೋಯಿತು ಅನ್ನುವ ಖುಷಿ ಇತ್ತು.

ನಮ್ಮ ಮಾಮಾ ಕೂಡ ಹೋಗಿದ್ದರು. ಲ್ಯಾಮಿನೇಷನ್ ಸಮೇತ. ಕೌಂಟರಿನಲ್ಲಿ ಕೇಳಿದ್ದು ನೋಂದಣಿಯಾದ ಪತ್ರ, ಅದೂ 2024ರ ಸೆಪ್ಟೆಂಬರ್ 10ರ ಒಳಗಿನದು. ಬಾಂಡ್ ಪೇಪರಿನವರಿಗೆ ಅಲ್ಲಿ ಜಾಗವೇ ಇಲ್ಲ. ಎನ್‌ಎ ಆಗದ ಹೊಲದಲ್ಲಿ ಹೇಗೋ ನೋಂದಣಿ ಮಾಡಿಸಿಕೊಂಡವನು, ಲೇಔಟ್ ಒಪ್ಪಿಗೆ ಇಲ್ಲದೆ ಖರೀದಿ ಪತ್ರ ಇರುವವನು ಬಿ-ಖಾತೆಗೆ ಬರುತ್ತಾನೆ. ಅಂದರೆ ಅರ್ಧ ಕಾಗದ ಇದ್ದವನಿಗೆ ಮುಕ್ಕಾಲು ಕಾಗದ ಸಿಕ್ಕಿತು. ಏನೂ ಇಲ್ಲದವನು ಇದ್ದಲ್ಲೇ ಉಳಿದ. ಈ ಇಡೀ ಯೋಜನೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಯಾರ ಹೆಸರು ಹೇಳಿ ಕಾಯ್ದೆ ತಂದರೋ ಅವರಲ್ಲಿ ಅತಿ ಬಡವರು ಕೌಂಟರಿನಿಂದಲೇ ವಾಪಸು ಬಂದರು.

ಬಿ-ಖಾತೆ ಸಿಕ್ಕವರೂ ಒಂದು ಮಾತು ಗಮನಿಸಬೇಕು. ಅದು ತೆರಿಗೆ ವಸೂಲಿಯ ಪುಸ್ತಕ. ಮನೆಯನ್ನು ಸಕ್ರಮ ಮಾಡಿದ್ದೇವೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಸಕ್ರಮ ಮಾಡಲು ಹೊರಟಿದ್ದು ಬೇರೆ ಕಾಯ್ದೆ, ಅಕ್ರಮ-ಸಕ್ರಮ. ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮುಂದೆ 2024ರ ಡಿಸೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಕೇಸಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿತು: ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟು ನೀರು ಕೊಡಿ, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಿ. ಹೆಸ್ಕಾಂ ಮೀಟರಿಗೆ ಅರ್ಜಿ ಹಾಕಿದ ಸಾಮಾನ್ಯ ಮನುಷ್ಯನಿಗೆ ಅಲ್ಲಿಯವರೆಗೂ ಅಂಥದ್ದೊಂದು ಪ್ರಮಾಣಪತ್ರ ಇದೆ ಅನ್ನೋದೇ ಗೊತ್ತಿರಲಿಲ್ಲ.

ಕಾಗದ ಇಲ್ಲದೆ ಕಟ್ಟುವವರು ಬಡವರಷ್ಟೇ ಅಂತ ತಿಳಿಯಬೇಡಿ. ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಗೆ ಸೇರಿತು. ಆ ದುಡ್ಡಿನಲ್ಲಿ ಶಹಾಪುರ ಭಾಗದಲ್ಲಿ ಹಳೇ ಪಿಬಿ ರೋಡಿಗೆ ಕೂಡುವ ಒಂದು ರಸ್ತೆ ಮಾಡಿದರು. ಖಾಸಗಿ ಜಾಗವನ್ನು ಸರಿಯಾಗಿ ಸ್ವಾಧೀನ ಮಾಡಿಕೊಳ್ಳದೆಯೇ ಡಾಂಬರು ಬಿತ್ತು. ಜಾಗದ ಮಾಲೀಕರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರು. 2024ರಲ್ಲಿ ಪಾಲಿಕೆಯ ತಲೆ ಮೇಲೆ 20 ಕೋಟಿ ರೂಪಾಯಿ ಪರಿಹಾರದ ಹೊರೆ ಬಂತು. ಕೊನೆಗೆ ಜಾಗ ವಾಪಸು ಕೊಡುವ ಮಾತಿಗೆ ಬಂದು ನಿಂತಿತು. ವಡಗಾವಿಯ ನೇಕಾರ ಬಾಂಡ್ ಪೇಪರನ್ನಾದರೂ ಮಾಡಿಸಿಕೊಂಡಿದ್ದ!

ಇನ್ನು ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ, ಅಂದರೆ ಸೈನ್ಯದ ಕಂಟೋನ್ಮೆಂಟಿನಲ್ಲಿ, ಮನೆ ಇದ್ದವರ ಪಾಡೇ ಬೇರೆ. ಅಲ್ಲಿ ಪಾಲಿಕೆಯೂ ಇಲ್ಲ, ಬುಡಾವೂ ಇಲ್ಲ. 2006ರ ಕಂಟೋನ್ಮೆಂಟ್ ಕಾಯ್ದೆ, ರಕ್ಷಣಾ ಸಚಿವಾಲಯದ ಕೆಳಗಿನ ಬೋರ್ಡ್. ರಸ್ತೆಯ ಈ ಬದಿ ಒಂದು ಕಾನೂನು, ಆ ಬದಿ ಇನ್ನೊಂದು. ನಾಗರಿಕ ಪ್ರದೇಶವನ್ನು ಪಾಲಿಕೆಗೆ ಸೇರಿಸುವ ಮಾತು 2023ರಿಂದ ಓಡಾಡುತ್ತಿದೆ.

ವಿಜಯಪುರಕ್ಕೆ ಹೋದರೆ ನೂರು ಅನ್ನುವ ಸಂಖ್ಯೆ ಮತ್ತೆ ಸಿಗುತ್ತದೆ. ಅಲ್ಲಿ ಅದು ಮೀಟರು. 1958ರ ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲವೇ ಇಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ಊರ ನಡುವೆ ಒಂದೇ ಒಂದು ಸ್ಮಾರಕ ಇದ್ದರೆ ಇದು ದೊಡ್ಡ ಸಂಗತಿಯಲ್ಲ. ವಿಜಯಪುರದಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ಅಸರ್ ಮಹಲ್, ಜೋಡ್ ಗುಮ್ಮಟ ಅಂತ ಎಣಿಸುತ್ತಾ ಹೋದರೆ ಸಂಜೆಯಾಗುತ್ತದೆ. ನಡುವೆ ಹೆಸರು ಕೂಡ ಯಾರಿಗೂ ನೆನಪಿಲ್ಲದ ಗೋರಿ, ಮಸೀದಿ, ಬಾವಿಗಳಿವೆ. ಸ್ಮಾರಕವನ್ನು ಒಂದು ಚುಕ್ಕಿ ಅಂತ ಹಿಡಿದರೂ ಅದರ ಸುತ್ತ ನೂರು ಮೀಟರ್ ಅಂದರೆ ಏಳೂಮುಕ್ಕಾಲು ಎಕರೆ. ಮುನ್ನೂರು ಮೀಟರ್ ಅಂದರೆ ಎಪ್ಪತ್ತು ಎಕರೆ. ಗೋಳಗುಮ್ಮಟ ಚುಕ್ಕಿಯಲ್ಲ ಅನ್ನೋದು ನೋಡಿದವರಿಗೆಲ್ಲ ಗೊತ್ತು. ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದಲೂ ಅಲ್ಲ, ರಕ್ಷಿತ ಜಾಗದ ಅಂಚಿನಿಂದ.

ನಾನು ಈ ಕಾಯ್ದೆಯ ವಿರೋಧಿಯಲ್ಲ. ಅದು ಇಲ್ಲದಿದ್ದರೆ ಬಾರಾ ಕಮಾನಿನ ಕಮಾನುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದೆವು. ಆದರೆ ಒಳಗೆ ಬದುಕುವವರ ಕಡೆಯಿಂದಲೂ ನೋಡಬೇಕು. 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಗೆ ರಿಪೇರಿ ಮಾಡಿಸಬಹುದು, ಅದಕ್ಕೂ ಅರ್ಜಿ ಹಾಕಬೇಕು. ಕೆಡವಿ ಕಟ್ಟುವಂತಿಲ್ಲ. ಮಣ್ಣಿನ ಗೋಡೆಯ ಹಳೇ ಮನೆ ಮಳೆಗೆ ಒಂದು ಬದಿ ಕುಸಿದರೆ ಅದನ್ನು ಎತ್ತುವುದು ರಿಪೇರಿಯೋ, ಹೊಸ ಕಟ್ಟಡವೋ? ಅಣ್ಣತಮ್ಮಂದಿರು ಪಾಲಾದರೆ ಎರಡನೇ ಅಡುಗೆಮನೆ ಎಲ್ಲಿ? ಇಂಥ ಪ್ರಶ್ನೆಗೆ ಉತ್ತರ ಸಿಗಲು ತಿಂಗಳುಗಳು ಬೇಕು. ಅಷ್ಟರಲ್ಲಿ ತಗಡು ಬೀಳುತ್ತದೆ, ರಾತ್ರೋರಾತ್ರಿ ಇಟ್ಟಿಗೆ ಏಳುತ್ತದೆ. ಪ್ರತಿ ಸ್ಮಾರಕಕ್ಕೂ ಅದರ ಸುತ್ತಲಿನ ಜಾಗ ನೋಡಿ ಪ್ರತ್ಯೇಕ ಉಪವಿಧಿ ಮಾಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಆ ಕೆಲಸ ದೇಶದ ತುಂಬ ಆಮೆ ನಡಿಗೆಯಲ್ಲಿದೆ. ಹಾಗಾಗಿ ಗೋಳಗುಮ್ಮಟಕ್ಕೂ ಓಣಿಯ ಮೂಲೆಯ ಹೆಸರಿಲ್ಲದ ಗೋರಿಗೂ ಒಂದೇ ಟೇಪು. ಎಂಜಿನಿಯರುಗಳಿಗೆ ಇದು ಸುಲಭ. ಊರಿಗೆ ಸುಲಭವಲ್ಲ.

ಬಾಗಲಕೋಟೆಯದು ಇವೆರಡಕ್ಕೂ ಉಲ್ಟಾ ಕಥೆ. ಅಲ್ಲಿ ಮನೆಗಿಂತ ಮೊದಲು ಕಾಗದ ಬಂತು. ಆಲಮಟ್ಟಿ ಹಿನ್ನೀರಿಗೆ ಊರು ಹೋಗುತ್ತದೆ ಅಂತಾದಾಗ 1983ರಲ್ಲಿ ಅದೊಂದೇ ಊರಿಗಾಗಿ ಕಾಯ್ದೆ ಮಾಡಿ ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ತಂದರು. ಹೊಸದಾಗಿ ಕಟ್ಟಿದ ನವನಗರದ ನಕ್ಷೆಯ ಹಿಂದೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದ್ದರು. ಅಗಲ ರಸ್ತೆ, ಸೆಕ್ಟರ್ ನಂಬರು, ಲೈನಾಗಿ ಪ್ಲಾಟು. ಬೆಳಗಾವಿಯ ಬಾಂಡ್ ಪೇಪರ್ ಓಣಿಯಿಂದ ಬಂದವನಿಗೆ ನವನಗರದ ರಸ್ತೆ ನೋಡಿದರೆ ವಿಮಾನ ಇಳಿಸುತ್ತಾರೇನೋ ಅನ್ನಿಸುತ್ತದೆ.

ಆದರೆ ಪೇಟೆ ಕಾಗದದ ಮಾತು ಕೇಳಲಿಲ್ಲ. ವ್ಯಾಪಾರ ವಲ್ಲಭಭಾಯಿ ಚೌಕದ ಸುತ್ತಲೇ ಉಳಿಯಿತು, ನಡುವೆ ವಿದ್ಯಾಗಿರಿ ತನ್ನ ಪಾಡಿಗೆ ಬೆಳೆಯಿತು. ಒಂದೇ ಊರು ಮೂರು ಊರಾಯಿತು. ಹಳೇ ಊರಿನಲ್ಲಿ ಉಳಿದವರ ತಲೆ ಮೇಲೆ ಇನ್ನೊಂದು ಸಂಖ್ಯೆ ತೂಗುತ್ತಿದೆ: 524.256. ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಅದನ್ನು 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲೇ ಹೇಳಿದೆ. ತೀರ್ಪು ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡು ಗೆಜೆಟ್ಟಿಗೆ ಬಂದಿಲ್ಲ. ಮಟ್ಟ ಏರಿದರೆ 20 ಹಳ್ಳಿಗಳ ಜೊತೆ ಬಾಗಲಕೋಟೆಯ 11 ವಾರ್ಡುಗಳೂ ಮುಳುಗಡೆಗೆ ಬರುತ್ತವೆ. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಒಣಭೂಮಿಗೆ ಎಕರೆಗೆ 30 ಲಕ್ಷ, ನೀರಾವರಿಗೆ 40 ಲಕ್ಷ ಅಂತ ದರ ತೀರ್ಮಾನಿಸಿತು. ಮುಳುಗಡೆಯಾಗುವ ಜಮೀನೇ 75 ಸಾವಿರ ಎಕರೆಗೂ ಜಾಸ್ತಿ. ಆ ಲೆಕ್ಕದಲ್ಲಿ ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಸಂತ್ರಸ್ತರು ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಈ ಕಾಯುವಿಕೆಗೂ ಒಂದು ಕಾನೂನಿನ ಮುಖ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮೊದಲ ಅಧಿಸೂಚನೆ ಬಂದ ದಿನದಿಂದ ಆ ಆಸ್ತಿಯನ್ನು ಮಾರುವುದು, ಒತ್ತೆ ಇಡುವುದು ನಿಲ್ಲುತ್ತದೆ. ಅಧಿಸೂಚನೆ ಬರದಿದ್ದರೂ ಬರುತ್ತದೆ ಅನ್ನುವ ಸುದ್ದಿಯೇ ಸಾಕು, ಕೊಳ್ಳುವವರು ಇರುವುದಿಲ್ಲ. ನಾಳೆ ನೀರಾಗುವ ಮನೆಗೆ ಸುಣ್ಣ ಹೊಡೆಸಬೇಕಾ? ಸೊಸೆಗೆ ಅಂತ ಬಚ್ಚಲು ಕಟ್ಟಿಸಬೇಕಾ? ಹೀಗೆ ಯೋಚಿಸುತ್ತಲೇ ಒಂದು ತಲೆಮಾರು ಕಳೆದಿದೆ.

ಬಾಡಿಗೆಗೆ ಇರುವವರ ಕಥೆ ಚಿಕ್ಕದು, ಯಾಕೆಂದರೆ ಕಾನೂನಿಗೆ ಅವರು ಹೆಚ್ಚುಕಡಿಮೆ ಕಾಣುವುದೇ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆ ಒಂದು ಗುಂಪಿನ ಊರುಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಅನ್ವಯಿಸುವುದಿಲ್ಲ. ಬೆಳಗಾವಿಯ ಅನಗೋಳದಲ್ಲಿ 3,500ಕ್ಕೆ ಒಳ್ಳೆಯ ಕೋಣೆ ಹುಡುಕಿ ನೋಡಿ. ಉಳಿದವರಿಗೆಲ್ಲ ಮತ್ತೆ 1882ರ ಅದೇ ಕಾಯ್ದೆ, ಹದಿನೈದು ದಿನದ ನೋಟಿಸು, ಹನ್ನೊಂದು ತಿಂಗಳ ಕರಾರು.

ಇಷ್ಟೆಲ್ಲ ಇದ್ದರೂ ಪಾಲಿಕೆ ಚುನಾವಣೆಯಲ್ಲಿ ಇದು ವಿಷಯವಾಗುವುದಿಲ್ಲ. 2021ರಲ್ಲಿ ಬೆಳಗಾವಿಯ 58 ವಾರ್ಡುಗಳಿಗೆ, 2022ರಲ್ಲಿ ವಿಜಯಪುರದ 35 ವಾರ್ಡುಗಳಿಗೆ ಚುನಾವಣೆ ಆದಾಗ ನಳ, ಗಟಾರು, ಬೀದಿ ದೀಪದ ಮಾತೇ ಜಾಸ್ತಿ ಕೇಳಿಬಂತು. ಕಾರಣ ಇದೆ. ಕಾರ್ಪೊರೇಟರ್ ಒಂದು ಕಂಬ ನಿಲ್ಲಿಸಬಲ್ಲ, ಬೋರ್‌ವೆಲ್ ಕೊರೆಸಬಲ್ಲ. ಎನ್‌ಎ ಡಿಸಿ ಕೈಯಲ್ಲಿ, ನಕ್ಷೆ ಬುಡಾ ಕೈಯಲ್ಲಿ, ಖರೀದಿ ಪತ್ರ ಸಬ್ ರಿಜಿಸ್ಟ್ರಾರ್ ಕೈಯಲ್ಲಿ, ಕಾಯ್ದೆ ಬೆಂಗಳೂರಿನಲ್ಲಿ. ಪಾಲಿಕೆಗೆ ಉಳಿಯುವುದು ತೆರಿಗೆ ಮತ್ತು ಬೈಗುಳ. ಪಹಣಿಯಲ್ಲಿ ಭತ್ತದ ಗದ್ದೆ ಅಂತ ಇರುವ ಜಾಗಕ್ಕೆ ಬೀದಿ ದೀಪ ಹಾಕಿಸಿಕೊಟ್ಟವನಿಗೆ ಜನ ಓಟು ಹಾಕುತ್ತಾರೆ, ಹಾಕದೆ ಏನು ಮಾಡುತ್ತಾರೆ?

ಹೋದ ವಾರ ಮಾಮಾ ಆ ಬಾಂಡ್ ಪೇಪರನ್ನು ಮತ್ತೆ ತೆಗೆದು ಓದಲು ಕೊಟ್ಟರು. ಕೋರ್ಟಿಗೆ ಹೋದರೆ ನಿಲ್ಲುತ್ತದಾ ಅಂತ ಕೇಳಿದರು. ನಡುವೆ ಒಂದು ಸಾಲು ಇದೆ: 'ಸದರಿ ಜಾಗದ ಕಬ್ಜಾ ನಿಮಗೆ ಇಂದೇ ಕೊಟ್ಟಿರುತ್ತೇನೆ.' ಮಾಮಾನಿಗೆ ಇಡೀ ಕಾಗದದಲ್ಲಿ ಧೈರ್ಯ ಕೊಡುವ ಸಾಲು ಅದೊಂದೇ. ನಾನು ಪರಿಚಯದ ವಕೀಲರೊಬ್ಬರಿಗೆ ಫೋಟೋ ಕಳಿಸಿದೆ. ಅವರು ಅದೇ ಸಾಲಿಗೆ ಗೆರೆ ಎಳೆದು ವಾಪಸು ಕಳಿಸಿದರು. ಕಬ್ಜಾ ಕೊಟ್ಟ ಕರಾರಿಗೆ ಪೂರ್ತಿ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಕೋರ್ಟಿನಲ್ಲಿ ಈ ಕಾಗದ ಮುಂದಿಟ್ಟರೆ ಮೊದಲು ಅದನ್ನು ತಡೆಹಿಡಿಯುತ್ತಾರೆ. ಕಟ್ಟದ ಶುಲ್ಕ, ಅದರ ಮೇಲೆ 1957ರ ಮುದ್ರಾಂಕ ಕಾಯ್ದೆಯಂತೆ ಹತ್ತು ಪಟ್ಟು ದಂಡ. ಅಷ್ಟು ಕಟ್ಟಿದ ಮೇಲೆಯೇ ಒಳಗಿನ ಅಕ್ಷರ ಓದುತ್ತಾರೆ.

ಇದನ್ನು ಮಾಮಾನಿಗೆ ಇನ್ನೂ ಹೇಳಿಲ್ಲ. ಮದುವೆ ಮುಗಿಯಲಿ ಅಂತ ಕಾಯುತ್ತಿದ್ದೇನೆ.